ಎಡಗಡೆಯ ಸೀಟು

ಮಾಸ್ತರ ಮಗಳಿಗೆ ಕಾರು ಓಡಿಸಲು ಬರುವುದಿಲ್ಲ ಎಂಬುದು ನಮ್ಮ ಬೀದಿಯಲ್ಲಿ ಹಳೆಯ ತಮಾಷೆ. ಮಾಸ್ತರು ಎಂದರೆ ಶಾಲೆಯ ಮಾಸ್ತರಲ್ಲ, ಡ್ರೈವಿಂಗ್ ಕಲಿಸುತ್ತಿದ್ದ ಮಾಸ್ತರು. ಬಸ್ ಡ್ರೈವರು, ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಎದುರು ಮನೆಯ ನಾನು, ನನ್ನ ಹೆಂಡತಿ, ಎಲ್ಲರೂ ಅವರ ಬೈಗುಳ ತಿಂದೇ ಸ್ಟೀರಿಂಗ್ ಹಿಡಿಯಲು ಕಲಿತವರು. ಅಂಥವರ ಒಬ್ಬಳೇ ಮಗಳು, ನಲವತ್ತಾರು ವರ್ಷದವಳು, ದಿನಾ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಅಪ್ಪನ ಪಕ್ಕದ ಎಡಗಡೆಯ ಸೀಟಿನಲ್ಲಿ ಕುಳಿತು ಆಫೀಸಿಗೆ ಹೋಗುತ್ತಿದ್ದಳು.

ಮನೆಯಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದರು, ಬೀದಿಗೂ ಅದೇ ಹೆಸರು ಅಂಟಿಕೊಂಡಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಕಾರು ಓಡಿಸಲು ಬರುತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದೇ ಸಲಕ್ಕೆ ಲೈಸೆನ್ಸಿನ ಪರೀಕ್ಷೆ ಪಾಸಾಗಿದ್ದಳು. ಆಮೇಲಿನ ವಾರ ಗೇಟಿನೊಳಗೆ ತಿರುಗಿಸುವಾಗ ಕಂಬಕ್ಕೆ ಉಜ್ಜಿ ಕಾರಿನ ಬಾಗಿಲಿನ ಬಣ್ಣ ಗೇಣುದ್ದ ಕಿತ್ತುಬಂತು. ಮಾಸ್ತರು ಬೈಯಲಿಲ್ಲ. "ಇಳಿ" ಎಂದರು. ಅವಳು ಇಳಿದಳು. ಅದಾದ ಮೇಲೆ ಹತ್ತು ಅಂತ ಅವರೂ ಹೇಳಲಿಲ್ಲ, ಹತ್ತುತ್ತೇನೆ ಅಂತ ಇವಳೂ ಕೇಳಲಿಲ್ಲ. ಲೈಸೆನ್ಸಿನ ಅವಧಿ ಮುಗಿದಾಗ ಮಾತ್ರ ಅಪ್ಪನಿಗೆ ಹೇಳದೆ ಹೋಗಿ ಹೊಸದು ಮಾಡಿಸಿಕೊಂಡು ಬಂದಿದ್ದಳು. ಯಾಕೆ ಎಂದರೆ ಅವಳಿಗೂ ಗೊತ್ತಿರಲಿಲ್ಲ.

ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಾಸ್ತರು ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಸಿ ಆರು ವರ್ಷ. ಕಾರೊಂದು ಉಳಿದಿತ್ತು. ಕಲಿಸುವ ಕಾರಾದ್ದರಿಂದ ಅದರಲ್ಲಿ ಎಡಗಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು. ಎಡಗಡೆ ಒತ್ತಿದರೆ ಕಬ್ಬಿಣದ ಸರಳೊಂದು ಬಲಗಡೆಯ ಪೆಡಲನ್ನೂ ಒತ್ತುತ್ತಿತ್ತು. ಎಪ್ಪತ್ತಾರರ ಮಾಸ್ತರು ಓಡಿಸುವಾಗ ಪುಟ್ಟಿ ಎಡಗಡೆಯ ಬ್ರೇಕಿನ ಮೇಲೆ ಪಾದ ತಾಗಿಯೂ ತಾಗದ ಹಾಗೆ ಇಟ್ಟುಕೊಂಡಿರುತ್ತಿದ್ದಳು. ಅವಳಿಗೆ ಆ ಸೀಟಿನಲ್ಲಿದ್ದ ಅಧಿಕಾರ ಅಷ್ಟೇ, ನಿಲ್ಲಿಸುವುದು.

ಅವಳು ನೀರು ಸರಬರಾಜು ಕಚೇರಿಯಲ್ಲಿ ಮೀಟರಿನ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಸಂಜೆ ಐದೂವರೆಗೆ ಕಚೇರಿಯ ಗೇಟಿನ ಮುಂದೆ ಅಪ್ಪನ ಕಾರು ಹಾಜರ್. ಐದೂ ಮೂವತ್ತೆರಡಕ್ಕೆ ಹಾರ್ನ್. ಜೊತೆಯವರು ಕಾಫಿಗೆ ಹೋಗೋಣ ಬಾ ಎಂದು ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಒಮ್ಮೆ ಧೈರ್ಯ ಮಾಡಿ, "ಅಪ್ಪ, ನಾಳೆಯಿಂದ ಬಸ್ಸಿನಲ್ಲಿ ಹೋಗ್ಲಾ? ನಿಮಗ್ಯಾಕೆ ಸುಮ್ನೆ ತೊಂದರೆ" ಎಂದಿದ್ದಳು. ಮಾಸ್ತರು ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಒಂಬತ್ತೂ ಹತ್ತಕ್ಕೆ ಅವಳು ತಾನಾಗಿ ಹೋಗಿ ಕಾರಿನಲ್ಲಿ ಕುಳಿತಳು.

ಆ ವರ್ಷ ಕಾರಿನಿಂದ ಶಬ್ದ ಬರಲು ಶುರುವಾಯಿತು. ಮೊದಲು ಬ್ರೇಕ್ ಹಾಕಿದಾಗ ಕೀಂಯ್ ಎಂಬ ಸಣ್ಣ ಕೀರಲು. ಒಂದೆರಡು ತಿಂಗಳಲ್ಲಿ ಕೀರಲು ನಿಂತುಹೋಗಿ ಗರಗರ ಶುರುವಾಯಿತು, ಕಲ್ಲಿನ ನೆಲದ ಮೇಲೆ ಕಬ್ಬಿಣದ ಪೆಟ್ಟಿಗೆ ಎಳೆದ ಹಾಗೆ. ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಮಾಸ್ತರಿಗೆ ಮಾತ್ರ ಕೇಳಿಸುತ್ತಿರಲಿಲ್ಲ, ಅವರ ಕಿವಿ ಮಂದವಾಗಿ ಮೂರು ವರ್ಷವಾಗಿತ್ತು. ಡಾಕ್ಟರು ಕೊಟ್ಟ ಯಂತ್ರ ಬೀರುವಿನಲ್ಲಿ ಡಬ್ಬಿಯೊಳಗೇ ಇತ್ತು.

"ಅಪ್ಪ, ಬ್ರೇಕಿನಲ್ಲಿ ಶಬ್ದ ಬರ್ತಿದೆ."

"ಯಾವ ಶಬ್ದ?"

"ಗರಗರ ಅಂತ. ಮುಂದಿನ ಚಕ್ರದಿಂದ."

"ನಲವತ್ತು ವರ್ಷ ಇದೇ ಕಸುಬು ಮಾಡಿದೀನಿ. ನನಗೆ ಕೇಳಿಸದ ಶಬ್ದ ನಿನಗೆ ಕೇಳಿಸುತ್ತಾ? ನಿನ್ನ ಕಿವೀನೇ ಒಂದ್ಸಲ ತೋರಿಸ್ಕೋ."

ಗ್ಯಾರೇಜಿಗೆ ಕೊಡೋಣ ಎಂದರೆ ಅದಕ್ಕೂ ಒಪ್ಪರು. ಇದ್ದ ಕಾಯಿಲೆಯ ಜೊತೆ ಇನ್ನೊಂದು ಅಂಟಿಸಿ ಕಳಿಸುತ್ತಾರೆ ಎಂಬುದು ಅವರ ವಾದ. ಕಾರಿನ ರಿಪೇರಿಯನ್ನು ಜೀವಮಾನವೆಲ್ಲ ತಾವೇ ಮಾಡಿದವರು, ಈಗ ಮಂಡಿ ಮಡಚಲು ಬರುವುದಿಲ್ಲ. ಹೀಗೆ ಕಾರು ಗ್ಯಾರೇಜಿಗೂ ಹೋಗಲಿಲ್ಲ, ಮನೆಯಲ್ಲೂ ಚಕ್ರ ಬಿಚ್ಚಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪುಟ್ಟಿ ಹಲ್ಲು ಕಚ್ಚಿಕೊಂಡು ಆ ಗರಗರದ ಜೊತೆ ಕುಳಿತಿರುತ್ತಿದ್ದಳು. ಬಾಗಿಲು ತೆಗೆದು ಹಾರಿಬಿಡೋಣ ಅನ್ನಿಸುತ್ತಿತ್ತು ಎಂದು ಆಮೇಲೊಮ್ಮೆ ನನ್ನ ಹೆಂಡತಿಯ ಹತ್ತಿರ ಹೇಳಿದ್ದಳು. ಈ ಕತೆಯಲ್ಲಿ ನಾನು ಕಣ್ಣಾರೆ ನೋಡದ್ದೆಲ್ಲ ಹಾಗೆ ಅವಳ ಬಾಯಿಂದಲೇ ನಮ್ಮ ಮನೆಗೆ ಬಂದದ್ದು.

ಒಂದು ಗುರುವಾರ ಆಸ್ಪತ್ರೆಯ ಇಳಿಜಾರಿನಲ್ಲಿ, ತಳ್ಳುಗಾಡಿಯವಳೊಬ್ಬಳು ರಸ್ತೆ ದಾಟುತ್ತಿದ್ದಳು. ಮಾಸ್ತರು ಬ್ರೇಕ್ ಒತ್ತಿದರು. ಕಾರು ಗರಗರ ಎನ್ನುತ್ತ ಜಾರುತ್ತಲೇ ಹೋಯಿತು. ಪುಟ್ಟಿ ಎರಡೂ ಪಾದ ಒಟ್ಟಿಗೆ ಇಟ್ಟು ಎಡಗಡೆಯ ಪೆಡಲನ್ನು ನೆಲಕ್ಕೆ ತುಳಿದಳು. ಕಾರು ನಿಂತಾಗ ಬಂಪರಿಗೂ ಗಾಡಿಗೂ ನಡುವೆ ಒಂದು ಮೊಳ. ಗಾಡಿಯವಳು ಬಾಯಿಗೆ ಬಂದ ಹಾಗೆ ಬೈದು ಮುಂದೆ ಹೋದಳು.

ಮಾಸ್ತರು ತಮ್ಮ ಕಾಲಡಿಯ ಪೆಡಲನ್ನೇ ನೋಡುತ್ತಿದ್ದರು. ಅದು ತನ್ನಷ್ಟಕ್ಕೆ ಕೆಳಗಿಳಿದದ್ದು ಅವರಿಗೆ ಗೊತ್ತಾಗಿತ್ತು.

"ನೀನು ಒತ್ತಿದ್ಯಾ?"

"ಹೂಂ."

"ನನ್ನ ಕಾಲಿನ ಮೇಲೆ ನಂಬಿಕೆ ಇಲ್ಲ ನಿನಗೆ."

ಮನೆಯಲ್ಲಿ ಎರಡು ದಿನ ಪಾತ್ರೆಗಳದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕಚೇರಿಯ ಹಿಂದಿನ ಬೀದಿಯಲ್ಲಿದ್ದ ಕಾರಿನ ಬಿಡಿಭಾಗದ ಅಂಗಡಿಗೆ ಹೋದಳು. ಅಂಗಡಿಯವನೂ ಮಾಸ್ತರ ಶಿಷ್ಯನೇ. ಶಬ್ದವನ್ನು ಅವಳು ಬಾಯಲ್ಲೇ ಮಾಡಿ ತೋರಿಸಿದಳು. ಪಕ್ಕದಲ್ಲಿದ್ದ ಗಿರಾಕಿ ನಕ್ಕ, ಅಂಗಡಿಯವನು ನಗಲಿಲ್ಲ.

"ಮೊದಲು ಕೀಂಯ್ ಅಂತಿತ್ತಾ ಅಕ್ಕ?"

"ಹೌದು. ಆಮೇಲೆ ಅದು ನಿಂತು ಇದು ಶುರುವಾಯ್ತು."

"ಹಾಗಾದ್ರೆ ಪ್ಯಾಡು ಮುಗಿದಿದೆ. ಬ್ರೇಕಿನ ಪ್ಯಾಡು ಸವೆದಾಗ ಎಚ್ಚರಿಸೋಕೆ ಅಂತಲೇ ಒಂದು ತಗಡಿನ ನಾಲಿಗೆ ಇರುತ್ತೆ, ಅದು ಕೀಂಯ್ ಅನ್ನುತ್ತೆ. ಅದನ್ನೂ ಕಿವಿಗೆ ಹಾಕ್ಕೊಳ್ಳದೇ ಓಡಿಸಿದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಒಂದೊಂದ್ಸಲ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕೊಂಡ್ರೂ ಗರಗರ ಅನ್ನೋದುಂಟು. ಆದ್ರೆ ಅದು ಬ್ರೇಕ್ ಹಾಕದಿದ್ರೂ ಅನ್ನುತ್ತೆ. ನಿಮ್ದು?"

"ಹಾಕಿದಾಗ ಮಾತ್ರ."

"ಹಾಗಾದ್ರೆ ಪ್ಯಾಡೇ. ಚಕ್ರ ಬಿಚ್ಚಿ ನೋಡಿ, ಒಳಗಿನದು ಹೊರಗಿನದು ಎರಡೂ. ಮಾಸ್ತರಿಗೆ ಹೇಳಿದ್ರೆ ಅರ್ಧ ಗಂಟೆ ಕೆಲಸ."

ಮಾಸ್ತರಿಗೆ ಹೇಳುವುದೇ ಕಷ್ಟದ ಕೆಲಸ ಎಂದು ಅವಳು ಅವನಿಗೆ ಹೇಳಲಿಲ್ಲ.

ಕಾರಿನ ಕೀಲಿ ಯಾವಾಗಲೂ ಮಾಸ್ತರ ಅಂಗಿಯ ಜೇಬಿನಲ್ಲಿರುತ್ತಿತ್ತು. ಭಾನುವಾರ ಊಟವಾದ ಮೇಲೆ ಅವರು ಮಲಗಿದಾಗ, ಆ ಜೇಬನ್ನೇ ನೋಡುತ್ತ ನಿಂತಿದ್ದ ಪುಟ್ಟಿಗೆ, ಚಕ್ರ ಬಿಚ್ಚಲು ಕೀಲಿ ಬೇಕಿಲ್ಲ ಎಂಬುದು ತಟ್ಟನೆ ಹೊಳೆಯಿತು. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿಟ್ಟು ನಿಲ್ಲಿಸುವುದು ಮಾಸ್ತರ ಮೊದಲ ಪಾಠ, ಅದನ್ನವರು ಎಂದೂ ತಪ್ಪಿಸಿದವರಲ್ಲ. ಜಾಕು, ಸ್ಪ್ಯಾನರು, ಕಬ್ಬಿಣದ ಸ್ಟ್ಯಾಂಡು ಎಲ್ಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿದ್ದವು. ಅವಳು ಅಮ್ಮನ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿದಳು. ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟಳು. ಕಾರು ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸಡಿಲಿಸಬೇಕು ಎಂಬುದು ನೆನಪಿತ್ತು; ಚಿಕ್ಕವಳಿದ್ದಾಗ ಅಪ್ಪ ಬಿಚ್ಚುವಾಗ ಪಕ್ಕದಲ್ಲಿ ಕೂತು ನಟ್ಟು ಎಣಿಸಿದವಳು. ಸ್ಪ್ಯಾನರಿನ ಮೇಲೆ ನಿಂತು ಕುಪ್ಪಳಿಸಿದ ಮೇಲೆ ಒಂದೊಂದೂ ಕಿರ್ರೆಂದು ಬಿಟ್ಟುಕೊಟ್ಟವು. ನಮ್ಮ ಜಗಲಿಯಿಂದ ನೋಡಿದ ನಾನು, "ಏನಮ್ಮ ಪುಟ್ಟಿ, ಪಂಚರಾ?" ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು.

ಜಾಕಿನಿಂದ ಕಾರು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಮೇಲೆ ಎಡಗಡೆಯ ಮುಂದಿನ ಚಕ್ರ ಕಳಚಿ ಬಂತು. ಡಿಸ್ಕ್ ಎಂದರೆ ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆ. ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸಬೇಕು. ಅದರ ಹೊರಮೈ ನುಣ್ಣಗಿತ್ತು. ಒಳಮೈಗೆ ಬೆರಳು ಹಾಕಿದಾಗ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. ಹೊರಗಿನ ಪ್ಯಾಡು ಅರ್ಧದಷ್ಟು ಉಳಿದಿತ್ತು, ಒಳಗಿನದು ಪೂರ್ತಿ ಸವೆದು ಬರೀ ತಗಡು. ಎರಡೂ ಒಂದೇ ದಿನ ಹಾಕಿದವು, ಒಂದೇ ಯಾಕೆ ಸವೆಯಿತು? ಅವಳು ಪ್ಯಾಡುಗಳನ್ನು ಹಿಡಿಯುವ ಕ್ಯಾಲಿಪರನ್ನು ಅಲುಗಾಡಿಸಿದಳು. ಆ ಕಡೆ ಈ ಕಡೆ ಜಾರಬೇಕಾದದ್ದು ಕಲ್ಲಿನ ಹಾಗೆ ಕೂತಿತ್ತು. ಅದು ಜಾರುವ ಎರಡು ಪಿನ್ನುಗಳಲ್ಲಿ ಒಂದು ತುಕ್ಕು ಹಿಡಿದು ಸಿಕ್ಕಿಬಿದ್ದಿತ್ತು. ಹಾಗಾಗಿ ಇಷ್ಟು ದಿನ ಆ ಚಕ್ರವನ್ನು ನಿಲ್ಲಿಸುವ ಕೆಲಸವೆಲ್ಲ ಒಳಗಿನ ಪ್ಯಾಡಿನ ಪಾಲಿಗೆ ಬಂದಿತ್ತು.

"ಏನು ನಡೀತಿದೆ ಇಲ್ಲಿ?"

ಮಾಸ್ತರು ಬಾಗಿಲಲ್ಲಿ ನಿಂತಿದ್ದರು. ಆಮೇಲಿನ ಕೂಗಾಟ ಬೀದಿಗೆಲ್ಲ ಕೇಳಿಸಿತು. ಯಾರನ್ನು ಕೇಳಿ ಬಿಚ್ಚಿದೆ, ಜಾಕು ಜಾರಿದ್ದರೆ ಏನು ಗತಿ, ನಾನೇನು ಸತ್ತಿದ್ದೀನಾ. ಪುಟ್ಟಿ ಎದ್ದು ಅವರ ಕೈ ಹಿಡಿದು ಕಾರಿನ ಹತ್ತಿರ ಕರೆತಂದಳು. ಅವರು ಒಂದು ಕೈಯಲ್ಲಿ ಅವಳ ಭುಜ ಹಿಡಿದು ಕಷ್ಟಪಟ್ಟು ಬಗ್ಗಿದರು. ಅವಳು ಅವರ ಬೆರಳನ್ನು ಡಿಸ್ಕಿನ ಒಳಮೈ ಮೇಲೆ ಇಟ್ಟಳು.

ಕೂಗು ನಿಂತಿತು. ಬೆರಳು ಗೀರುಗಳ ಮೇಲೆ ಮೆಲ್ಲಗೆ ಹೋಯಿತು, ಬಂತು, ಮತ್ತೆ ಹೋಯಿತು.

"ಎಷ್ಟು ದಿನದಿಂದ ಬರ್ತಿತ್ತು ಶಬ್ದ?"

"ನಾಲ್ಕು ತಿಂಗಳಿಂದ."

ಅವರು ಒಳಗೆ ಹೋದರು. ಕತೆ ಮುಗಿಯಿತು ಎಂದುಕೊಂಡಳು ಪುಟ್ಟಿ. ಐದು ನಿಮಿಷದಲ್ಲಿ ಮರದ ಸ್ಟೂಲು ಎಳೆದುಕೊಂಡು ಬಂದು ಕುಳಿತು, "ಪಿನ್ನಿಗೆ ಎಣ್ಣೆ ಬಿಡು" ಎಂದರು.

ಕಲಿಸುವುದು ಎಂದರೆ ಮಾಸ್ತರಿಗೆ ಒಂದೇ ವಿಧಾನ ಗೊತ್ತಿತ್ತು. "ಎಡಕ್ಕೆ ತಿರುಗಿಸು! ಎಡಕ್ಕೆ ಅಂದ್ರೆ ಎಡ ಗೊತ್ತಿಲ್ವಾ? ಕೈಯಲ್ಲಿ ಶಕ್ತಿ ಇಲ್ವಾ? ಊಟ ಮಾಡಿದೀಯೋ ಇಲ್ವೋ?" ಸ್ಪ್ಯಾನರು ಜಾರಿ ಅವಳ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಸ್ಪ್ಯಾನರನ್ನು ಸೀರೆಯ ಮೇಲಿಟ್ಟಳು.

"ಅಪ್ಪ, ಕೂಗಿದ್ರೆ ನಾನು ಎದ್ದು ಹೋಗ್ತೀನಿ. ಕಾರು ಹೀಗೇ ಮೂರು ಕಾಲಲ್ಲಿ ನಿಂತಿರಲಿ."

ಗಟ್ಟಿಯಾಗಿ ಹೇಳಿರಲಿಲ್ಲ. ಆದರೂ ಅವರಿಗೆ ಕೇಳಿಸಿರಬೇಕು. ಕೂಗಲಿಲ್ಲ.

ಪಿನ್ನು ಮಾತ್ರ ಅಂದು ಜಗ್ಗಲಿಲ್ಲ. ಎಣ್ಣೆ ಇಳಿಯಲು ಬಿಟ್ಟು, ಹೊಸ ಡಿಸ್ಕು, ಹೊಸ ಪ್ಯಾಡು ತರುವುದು ಎಂದಾಯಿತು. ಡಿಸ್ಕು ಬರಲು ಮಂಗಳವಾರವಾಗುತ್ತದೆ ಎಂದ ಅಂಗಡಿಯವನು.

ಸೋಮವಾರ ಪುಟ್ಟಿ ಬಸ್ಸಿನಲ್ಲಿ ಆಫೀಸಿಗೆ ಹೋದಳು. ನಿಂತೇ ಹೋಗಬೇಕಾಯಿತು, ಯಾರದೋ ಮೊಣಕೈ ಪಕ್ಕೆಗೆ ತಿವಿಯುತ್ತಿತ್ತು. ಆದರೂ ಅವಳಿಗೆ ಕಿಟಕಿಯಾಚೆ ನೋಡಲು ಪುರುಸೊತ್ತು ಸಿಕ್ಕಿತು; ಕಾಲು ಎಲ್ಲಿಡಬೇಕು ಎಂಬ ಚಿಂತೆ ಇರಲಿಲ್ಲ. ಸಂಜೆ ಜೊತೆಯವರ ಹಿಂದೆ ತಾನೇ ಹೋಗಿ ಕಾಫಿ ಕುಡಿದಳು. ಅತ್ತ ಮಾಸ್ತರು ಒಂಬತ್ತೂ ಹತ್ತಕ್ಕೆ ಇಸ್ತ್ರಿ ಅಂಗಿ ತೊಟ್ಟು ಜಗಲಿಯಲ್ಲಿ ಕೂತವರು ಮಧ್ಯಾಹ್ನದವರೆಗೂ ಕದಲಿರಲಿಲ್ಲ. ಕಚೇರಿಗೆ ಆರು ಸಲ ಫೋನ್ ಮಾಡಿದರು. ಆ ಕಡೆಯಿಂದ ಏನು ಹೇಳುತ್ತಾರೆ ಎಂದು ಕೇಳಿಸದ ಕಾರಣ ಪ್ರತಿ ಸಲವೂ, "ಪುಟ್ಟಿಗೆ ಹೇಳಿ, ಅವರಪ್ಪ ಫೋನ್ ಮಾಡಿದ್ರು ಅಂತ" ಎಂದು ಕೂಗಿ ಇಟ್ಟುಬಿಟ್ಟರು. ಕಚೇರಿಯೆಲ್ಲ ನಕ್ಕಿತು. ಪುಟ್ಟಿಯೂ ನಕ್ಕಳು, ಆಮೇಲೆ ತಲೆ ತಗ್ಗಿಸಿ ಮೀಟರಿನ ಅಂಕಿಗಳಿಗೆ ಮರಳಿದಳು.

ಮಂಗಳವಾರ ಮಧ್ಯಾಹ್ನ ಸಾಮಾನು ಬಂತು. ಅವಳು ತಂದು ಕಚೇರಿಯ ತನ್ನ ಮೇಜಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು.

"ಬಂತಾ?" ಎಂದು ಸಂಜೆ ಅಪ್ಪ ಕೇಳಿದರು.

"ಇಲ್ಲ. ಇನ್ನೂ ಎರಡು ದಿನ ಆಗುತ್ತಂತೆ."

ಹುಟ್ಟಿದಾಗಿನಿಂದ ಅಪ್ಪನಿಗೆ ಹೇಳಿದ ದೊಡ್ಡ ಸುಳ್ಳು ಅದೇ ಇರಬೇಕು. ಬುಧವಾರವೂ ಇಲ್ಲ ಎಂದಳು, ಗುರುವಾರವೂ. ಖಾನೆಯಲ್ಲಿ ಫೈಲು ತೆಗೆಯುವಾಗಲೆಲ್ಲ ಆ ಭಾರದ ಪೆಟ್ಟಿಗೆ ಕೈಗೆ ತಾಗುತ್ತಿತ್ತು. ಬಸ್ಸಿನಲ್ಲಿ ಈಗ ಸುಖವೂ ಇರಲಿಲ್ಲ. ಕಾರು ಸರಿಯಾದರೆ ಮತ್ತೆ ಎಡಗಡೆಯ ಸೀಟು. ಸರಿಯಾಗದಿದ್ದರೆ ಜಗಲಿಯಲ್ಲಿ ಇಸ್ತ್ರಿ ಅಂಗಿಯ ಅಪ್ಪ. ಯಾವ ಕಡೆ ತಿರುಗಿದರೂ ಗೋಡೆ.

ಶುಕ್ರವಾರ ಆರು ಗಂಟೆಗೆ ಮನೆಗೆ ಬಂದಾಗ ಜಗಲಿ ಖಾಲಿ ಇತ್ತು. ಒಳಗೂ ಇಲ್ಲ. "ಅಪ್ಪ" ಎಂದು ಕರೆಯುತ್ತ ಹೊರಗೆ ಬಂದವಳಿಗೆ ಕಾರಿನ ಆಚೆಯಿಂದ ಸ್ಪ್ಯಾನರಿನಿಂದ ನೆಲ ಕುಟ್ಟುವ ಸದ್ದು ಕೇಳಿಸಿತು.

ಕಾರಿಗೂ ಕಾಂಪೌಂಡಿನ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಮಾಸ್ತರು ನೆಲದ ಮೇಲೆ ಕೂತಿದ್ದರು. ಪಿನ್ನು ತಾವೇ ಬಿಡಿಸೋಣ ಎಂದು ಮೂರು ಗಂಟೆಗೆ ಕೂತವರು. ಪಿನ್ನು ಬಿಟ್ಟಿತ್ತು, ಅದು ಅವರ ಅಂಗೈಯಲ್ಲೇ ಇತ್ತು. ಆದರೆ ಮಂಡಿ ಮಡಚಿಕೊಂಡದ್ದು ಬಿಡಿಸಿಕೊಳ್ಳಲಿಲ್ಲ. ಏಳಲು ಹೋಗಿ ಪಕ್ಕಕ್ಕೆ ಒರಗಿ ಸೊಂಟ ಉಳುಕಿತ್ತು. ಸ್ಟ್ಯಾಂಡಿನ ಮೇಲೆ ನಿಂತ ಕಾರನ್ನು ಹಿಡಿದು ಏಳಬಾರದು ಎಂದು ಗೊತ್ತಿದ್ದವರಾದ್ದರಿಂದ ಅದನ್ನು ಮುಟ್ಟಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಹಾಗೇ ಇದ್ದರು.

"ಕೂಗೋದಲ್ವಾ ಅಪ್ಪ! ಎದುರು ಮನೆಯವರು ಇದ್ರಲ್ಲ!"

"ಅವರು ನೋಡ್ತಾರೆ ಅಂತಲೇ ಕೂಗಲಿಲ್ಲ."

ನಾನು ಆ ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಪೇಪರ್ ಓದುತ್ತ ಕೂತಿದ್ದೆ. ಇಪ್ಪತ್ತು ಹೆಜ್ಜೆ ದೂರ. ಪುಟ್ಟಿ ಕರೆದಾಗ ಓಡಿಹೋಗಿ, ಅವಳೊಂದು ಕಡೆ ನಾನೊಂದು ಕಡೆ ಹಿಡಿದು ಅವರನ್ನು ಎಬ್ಬಿಸಿದೆವು. ಅವರು ನನ್ನ ಮುಖ ನೋಡಲಿಲ್ಲ.

ಮಂಚದ ಮೇಲೆ ಮಲಗಿಸಿ ಸೊಂಟಕ್ಕೆ ಬಿಸಿನೀರಿನ ಚೀಲ ಇಡುವಾಗ ಪುಟ್ಟಿಗೆ ತಡೆಯಲಾಗಲಿಲ್ಲ.

"ಅಪ್ಪ, ಸಾಮಾನು ಮಂಗಳವಾರವೇ ಬಂದಿತ್ತು. ನಾನೇ ಇಟ್ಕೊಂಡಿದ್ದೆ."

"ಗೊತ್ತು" ಎಂದರು ಮಾಸ್ತರು. "ಕೆಲಸ ಆಯ್ತಾ ಅಂತ ವಿಚಾರಿಸೋಕೆ ಅಂಗಡಿಯವನು ಬುಧವಾರ ಇಲ್ಲಿಗೆ ಬಂದಿದ್ದ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಯಾಕೆ ಹೇಳಲಿಲ್ಲ?"

ಸ್ವಲ್ಪ ಹೊತ್ತಾದ ಮೇಲೆ ಅವರು ಗೋಡೆಯ ಕಡೆ ಹೊರಳಿ, "ಬೇಗ ಸರಿಯಾದ್ರೆ ನೀನು ಬೇಜಾರು ಮಾಡ್ಕೋತೀಯ, ಆಗದಿದ್ರೆ ನಾನು. ಅದಕ್ಕೇ ಪಿನ್ನೊಂದಾದ್ರೂ ಬಿಚ್ಚಿಡೋಣ ಅಂತ ಹೋದೆ" ಎಂದರು. ಆ ಮಾತಿನ ತಲೆಬುಡ ತನಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ ಎನ್ನುತ್ತಾಳೆ ಪುಟ್ಟಿ.

ಶನಿವಾರ ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿ, ರಜೆ ಹೇಳಿ, ಕಚೇರಿಯಿಂದ ಪೆಟ್ಟಿಗೆ ತಂದಳು. ಮಾಸ್ತರು ದಿಂಬು ಹಾಕಿದ ಕುರ್ಚಿಯಲ್ಲಿ ಕುಳಿತರು. ಪಿನ್ನುಗಳನ್ನು ಮರಳುಕಾಗದದಿಂದ ಹೊಳೆಯುವವರೆಗೂ ಉಜ್ಜಿ ಹೊಸ ಗ್ರೀಸು ಸವರಿದಳು. ಹಳೆಯ ಡಿಸ್ಕು ಸುತ್ತಿಗೆಯ ನಾಲ್ಕು ಏಟಿಗೆ ಬಿತ್ತು. ಹೊಸ ದಪ್ಪ ಪ್ಯಾಡು ಕೂರಬೇಕೆಂದರೆ ಅದನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಹೋಗಬೇಕು. ಹಳೆಯ ಪ್ಯಾಡನ್ನು ಅಡ್ಡವಿಟ್ಟು ಕ್ಲಾಂಪ್ ಬಿಗಿಸುತ್ತ ಬಂದಳು. "ಮೆಲ್ಲಗೆ" ಎಂದರು ಮಾಸ್ತರು, ಮೆಲ್ಲಗೇ. "ಬಾನೆಟ್ಟಿನೊಳಗೆ ಬ್ರೇಕ್ ಎಣ್ಣೆ ಉಕ್ಕುತ್ತಾ ನೋಡ್ತಿರು." ಒಂದು ಚಕ್ರವಾದ ಮೇಲೆ ಇನ್ನೊಂದು. ಎರಡನೆಯದಕ್ಕೆ ಅವರು ಬಾಯಿ ತೆರೆಯಬೇಕಾಗಲಿಲ್ಲ. ಮೂರು ಗಂಟೆಗೆ ಕಾರು ನಾಲ್ಕೂ ಕಾಲಿನ ಮೇಲೆ ನಿಂತಿತು.

ಮಾಸ್ತರು ಜೇಬಿನಿಂದ ಕೀಲಿ ತೆಗೆದು ಅವಳತ್ತ ಚಾಚಿದರು.

"ಹೊರಡೋ ಮೊದಲು ಪೆಡಲು ಗಟ್ಟಿಯಾಗೋವರೆಗೆ ಒತ್ತು. ಇಲ್ಲದಿದ್ರೆ ಮೊದಲನೇ ಸಲ ಬ್ರೇಕೇ ಹಿಡಿಯಲ್ಲ. ಆಮೇಲೆ ಹತ್ತು ಸಲ ನಿಧಾನವಾಗಿ ನಿಲ್ಲಿಸ್ಬೇಕು, ಹೊಸ ಪ್ಯಾಡು ಡಿಸ್ಕಿಗೆ ಹೊಂದ್ಕೋಬೇಕು."

"ನಾನಾ?"

"ನನ್ನ ಸೊಂಟ ನೋಡು. ಇನ್ಯಾರು?"

ಅವಳು ಬಲಗಡೆಗೆ ಕುಳಿತಳು. ಅವರು ಎಡಗಡೆಗೆ. ಮೊದಲ ತಿರುವಿನಲ್ಲಿ ಅವಳು ಬ್ರೇಕ್ ಮುಟ್ಟುವ ಮೊದಲೇ ಪೆಡಲು ಕೆಳಗಿಳಿದು ಕಾರು ನಡುರಸ್ತೆಯಲ್ಲಿ ಕೆಮ್ಮಿ ನಿಂತಿತು. ಎರಡನೇ ತಿರುವಿನಲ್ಲೂ ಅದೇ. ಹಿಂದಿನವರು ಹಾರ್ನ್ ಹೊಡೆದರು.

"ಅಪ್ಪ, ನೀವೂ ಒತ್ತಿದ್ರೆ ನಾನೆಷ್ಟು ಒತ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ನಾನೆಲ್ಲಿ ಒತ್ತಿದೆ? ಕಾಲು ತಾನೇ ಹೋಗುತ್ತೆ."

"ನನಗೂ ಹಾಗೇ ಹೋಗ್ತಿತ್ತು."

ಮಾಸ್ತರು ನೋವಿಗೆ ಮುಖ ಕಿವುಚುತ್ತ ಎರಡೂ ಕಾಲನ್ನು ಸೀಟಿನ ಅಡಿಗೆ ಎಳೆದುಕೊಂಡರು.

ಹತ್ತು ಸಲ ನಿಲ್ಲಿಸಿದ್ದಾಯಿತು. ಗರಗರ ಇರಲಿಲ್ಲ. ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ಅವರು, "ನಿನ್ನಿಷ್ಟ" ಎಂದರು. ಆ ಮಾತನ್ನು ಅವಳು ಆ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ವೃತ್ತದ ಹತ್ತಿರ ನಾಲ್ಕು ದಾರಿ. ಅವಳು ಸ್ಟೀರಿಂಗ್ ಹಿಡಿದು ಯೋಚಿಸಿದಳು, ಯಾವ ಹೆಸರೂ ಹೊಳೆಯಲಿಲ್ಲ. ಕೈ ತಾನಾಗಿ ತಿರುಗಿತು. ಎಂಟು ನಿಮಿಷಕ್ಕೆ ಕಾರು ಬಂದು ನಿಂತದ್ದು ಅವಳ ಕಚೇರಿಯ ಗೇಟಿನ ಮುಂದೆ. ಕಾವಲುಗಾರ ಎದ್ದು ಬಂದು, "ಮತ್ತೆ ಬಂದ್ರಾ ಮೇಡಂ? ಇವತ್ತು ಅರ್ಧ ದಿನ, ಎಲ್ಲ ಮುಚ್ಚಿಯಾಯ್ತಲ್ಲ" ಎಂದ.

ಅವಳು ಗೇಟಿನ ಸರಳುಗಳನ್ನು ನೋಡುತ್ತ ಕುಳಿತಳು. ಆಮೇಲೆ ಕಾರು ತಿರುಗಿಸಿಕೊಂಡು, ಅದೇ ದಾರಿಯಲ್ಲಿ ಮನೆಗೆ ಬಂದರು.

ಇದಾಗಿ ಮೂರು ವರ್ಷವಾಯಿತು. ಮಾಸ್ತರ ಸೊಂಟ ಮತ್ತೆ ಕಾರು ಓಡಿಸುವಷ್ಟು ಸರಿಹೋಗಲಿಲ್ಲ. ಪುಟ್ಟಿ ಒಬ್ಬಳೇ ಕಾರಿನಲ್ಲಿ ಹೋಗುತ್ತಾಳೆ. ಬೀದಿಯ ಹೆಂಗಸರು ತಮ್ಮ ಕಾರಿನ ಶಬ್ದಗಳನ್ನು ಬಾಯಲ್ಲಿ ಮಾಡಿ ತೋರಿಸಿ ಅವಳ ಸಲಹೆ ಕೇಳುತ್ತಾರೆ. ನಮ್ಮ ಕಾರಿನ ಪ್ಯಾಡು ಹೋದ ವರ್ಷ ಅವಳೇ ಹಾಕಿಕೊಟ್ಟಳು. ಆದರೆ ಬೆಳಿಗ್ಗೆ ಹನ್ನೊಂದಕ್ಕೂ ಮಧ್ಯಾಹ್ನ ನಾಲ್ಕಕ್ಕೂ ಕಚೇರಿಗೆ ಮಾಸ್ತರ ಫೋನ್ ಬರುತ್ತದೆ. ಕಾಫಿಗೆ ಹೋದರೆ ಕಪ್ಪು ಮುಗಿಯುವ ಮೊದಲೇ ಅವಳು ಗಡಿಯಾರ ನೋಡುತ್ತಾಳೆ. ಸಂಜೆ ಆರಕ್ಕೆ ಐದು ನಿಮಿಷವಿರುವಾಗ ಅವಳ ಕಾರು ನಮ್ಮ ಬೀದಿಗೆ ತಿರುಗುತ್ತದೆ. ಐದೂವರೆಯಿಂದಲೂ ಕಿಟಕಿಯ ಸರಳು ಹಿಡಿದು ನಿಂತಿದ್ದ ಮಾಸ್ತರು ಆಗ ಹೋಗಿ ಮಂಚದ ಮೇಲೆ ಕೂರುತ್ತಾರೆ.